ಸೀಸದ ಎಲೆ

ಮನಾಮಾದ ಈ ಕೋಣೆಗೆ ಕಿಟಕಿಯಿಲ್ಲ.
ಬೆಳಿಗ್ಗೆ ಏಳರಿಂದ ಗಂಡಸರ ಸಾಲು,
ವೀಸಾ ಮುಗಿದವರು, ವೀಸಾ ಬೇಕಾದವರು.
ಅಂಗಿ ಕಳಚಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ
ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಲ್ಲುತ್ತಾರೆ.
ಐದು ಭಾಷೆಗಳಲ್ಲಿ ನನಗೆ ಬರುವುದು ಎರಡೇ ಮಾತು:
ಉಸಿರು ಹಿಡಿಯಿರಿ. ಉಸಿರು ಬಿಡಿ.
ಮಣ್ಣಿನ ಮೂಗಿಗೆ ಉಸಿರೂದಿದವನಿಗೆ
ಇಷ್ಟು ಅವಸರ ಇದ್ದಿರಲಿಕ್ಕಿಲ್ಲ.

ಪಕ್ಕೆಲುಬು ಎಣಿಸುತ್ತ ಹದಿನಾಲ್ಕು ವರ್ಷ.
ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೆರಡು,
ಯಾವ ಗಂಡಸಿಗೂ ಒಂದೂ ಕಮ್ಮಿಯಿಲ್ಲ.
ಹಾಗಾದರೆ ನಾನು ಯಾವುದರಿಂದ ಆದವಳು
ಎಂದು ಚಹಾದ ಹೊತ್ತಿಗೆ ಒಮ್ಮೊಮ್ಮೆ ಅನಿಸುತ್ತದೆ.

ಬೆಟಗೇರಿಯಲ್ಲಿ ಮಗ್ಗದ ಕುಣಿಯಿಂದೆದ್ದು ಬಂದು
ನಮ್ಮಜ್ಜಿ ಕರುಣಮ್ಮ ಪಾದ್ರಿಯನ್ನು ತಡೆದು ಕೇಳಿದ್ದಳಂತೆ:
"ಹಾವು ಖರೆ ಹೇಳಿತೋ ಸುಳ್ಳು ಹೇಳಿತೋ, ಅದಿರ್ಲಿ ಅಯ್ನೋರ,
ಎಲಿ ಹೊಲ್ಯಾಕ ಅವರಿಗೆ ಸೂಜಿ ಎಲ್ಲಿಂದ ಬಂತು?"
ಪಾದ್ರಿ ನಕ್ಕು ಛತ್ರಿ ಬಿಚ್ಚಿದರು,
ಬಿಸಿಲಿಗೋ, ಪ್ರಶ್ನೆಗೋ.

ನಂಬರು ಅರವತ್ತೇಳು.
ಯಮನೂರಪ್ಪ, ಕುಷ್ಟಗಿ ಕಡೆಯವನು, ಗಾರೆ ಕೆಲಸ.
ಕನ್ನಡ ಕಿವಿಗೆ ಬಿದ್ದದ್ದೇ ಅವನ ಭುಜ ಸಡಿಲವಾಯಿತು.
"ಮರಳಾಗ ಒಂದ ಮರ ಐತಲ್ರೀ ಅಕ್ಕಾರ, ಮಂದಿ ನೋಡಾಕ ಹೊಕ್ಕಾರಲ್ಲ,
ಅದಕ ಬೇಲಿ ಹಾಕಿದಾವ ನಾನ.
ಜೀವದ ಮರ ಅಂತಾರ. ನೀರು ಎಲ್ಲಿಂದ ಕುಡೀತೈತಿ ಯಾರಿಗೂ ತಿಳೀವಲ್ದಂತ.
ನನಗ ಒಂದ ತಿಳೀತು ನೋಡ್ರಿ, ಅದು ನಮ್ಮ ಬನ್ನಿ.
ದಸರಾಕ ಎರಡ ಎಲಿ ಹರಕೊಂಡು
ಢಾಕಾದ ಮೇಸ್ತ್ರಿಗೆ ಕೊಟ್ಟೆ, ಬಂಗಾರದಂಗ ಇರೂಣು ಅಂತ.
ಭಾಳ ಬೈದ. ಆಮ್ಯಾಲ ಕಿಸೇದಾಗ ಇಟಗೊಂಡ."

ಬನ್ನಿ!
ಇಷ್ಟು ವರ್ಷ ಈ ದ್ವೀಪದಲ್ಲಿದ್ದು ನನಗಿದು ಹೊಳೆದಿರಲಿಲ್ಲ.
ಮುಟ್ಟಬೇಡಿ ಎಂದು ಬೇಲಿ ಹಾಕಿದ ಮರಕ್ಕೆ
ನಮ್ಮ ನುಡಿಯಲ್ಲಿ ಹೆಸರೇ ಒಂದು ಕರೆ.
ಕೊಂಬೆಯಲ್ಲಿ ಆಯುಧ ಬಚ್ಚಿಟ್ಟುಕೊಂಡು
ಹೆಣ ಕಟ್ಟಿದೆ ಎಂದು ಊರನ್ನು ನಂಬಿಸಿ
ವರ್ಷವಿಡೀ ಬಾಯಿ ಬಿಡದ ಮರ.

ಉಸಿರು ಹಿಡಿಯಿರಿ, ಎಂದೆ.
ತೆರೆಯ ಮೇಲೆ, ಬಲಗಡೆಯ ಶ್ವಾಸಕೋಶದ ತುದಿಗೆ
ಬೆಳ್ಳಗೆ ಒಂದು ಮೋಡದ ಚೂರು.
ನೋಡಲು ನನಗೆ ಸಂಬಳ. ಹೇಳಲು ಅಪ್ಪಣೆಯಿಲ್ಲ.
ಹೇಳುವ ಮಾತು ಮೇಲಿನ ಮಹಡಿಯಿಂದ ಬರುತ್ತದೆ,
ಅದರ ಹಿಂದೆಯೇ ವಿಮಾನದ ಟಿಕೆಟ್ಟು.
ಈ ತೋಟದ ಬಾಗಿಲಲ್ಲಿ ಉರಿಯುವ ಕತ್ತಿಯಿಲ್ಲ,
ಒಂದು ಮೊಹರು ಇದೆ.

ತಿನ್ನುವ ಮೊದಲು ಒಳಿತು ಕೆಡುಕು ಅರಿಯದವಳಿಗೆ
ಮಾತು ಮೀರುವುದು ಕೆಡುಕೆಂದು ಹೇಗೆ ತಿಳಿಯಬೇಕಿತ್ತು?
ಅಜ್ಜಿ ಅದನ್ನೂ ಕೇಳಬಹುದಿತ್ತು.
ನನ್ನ ಚಿಂತೆ ಬೇರೆ. ಮೊದಲ ತುತ್ತಿಗೂ ಎರಡನೆಯದಕ್ಕೂ ನಡುವೆ
ಒಂದು ಗಳಿಗೆ ಇದ್ದಿರಬೇಕಲ್ಲ?
ಕಣ್ಣು ತೆರೆದವಳು ಒಬ್ಬಳೇ, ಇನ್ನೂ ತೆರೆಯದವನ ಪಕ್ಕ,
ಅವನು ಏನೋ ಹೇಳುತ್ತ ನಗುತ್ತಿದ್ದಾನೆ,
ಅವನ ಬೆತ್ತಲು ಅವಳಿಗೆ ಮಾತ್ರ ಕಾಣುತ್ತಿದೆ.
ಅದಕ್ಕೇ ಕೊಟ್ಟಳು.
ಮರುಳು ಮಾಡಲಿಕ್ಕಲ್ಲ,
ಒಬ್ಬಳೇ ತಾಳಲಾರದೆ.

"ಏನರ ಐತೇನ್ರಿ?"
"ಡಾಕ್ಟರು ಹೇಳ್ತಾರ."
ನಾನು ಸೀಸದ ಎಲೆ ಉಟ್ಟವಳು, ಆರು ಕಿಲೋ.
ಅವನದು ಬರಿಮೈ.
"ಎಸಿ ಭಾಳ ಐತಿ, ಅಂಗಿ ಹಾಕ್ಕೋರಿ" ಅಂದೆ,
ಬೇಕಾದ್ದಕ್ಕಿಂತ ತುಸು ಮೆತ್ತಗೆ.

ಅಷ್ಟೇ.
ಅವನು ನನ್ನ ಮುಖ ನೋಡಿದ.
ಆಮೇಲೆ ಅಂಗಿಯಲ್ಲಿ ಕಿತ್ತುಹೋದ ಗುಂಡಿಯ ಜಾಗವನ್ನು
ಬೆರಳು ಸುಮ್ಮನೆ ತಡವುತ್ತ ಕೂತವು.

ನೇಕಾರರ ಮನೆಯವಳು, ಚೀಲದಲ್ಲಿ ಸೂಜಿ ಇದ್ದೇ ಇರುತ್ತದೆ.
ಹೊರಗೆ ಅರವತ್ತೆಂಟು ಬಾಗಿಲು ಬಡಿಯಿತು. ಬಡಿಯಲಿ.
ನನ್ನ ಕಣ್ಣು ಮಂಜು.
ದಾರ ಅವನೇ ಪೋಣಿಸಿದ.